ಆರು ನಿಮಿಷ ಹನ್ನೆರಡು ಸೆಕೆಂಡು

ಫೆಬ್ರವರಿ 4

ಬುಗುರಿ,

ಕ್ಷೇಮ ಸಮಾಚಾರ ಆಮೇಲೆ. ಮೊದಲು ಈ ಪತ್ರವನ್ನು ಓದಿ ಮುಗಿಸಿ ಒಲೆಗೆ ಹಾಕು. ಫೋನು ಮಾಡಬಹುದಿತ್ತಲ್ಲ ಎನ್ನಬೇಡ. ನಮ್ಮ ವಸತಿಯ ಫೋನು ಇರುವುದು ಗೇಟಿನ ಕಾವಲುಗಾರನ ಮೇಜಿನ ಮೇಲೆ. ಅವನ ಕಿವಿಗೆ ಬಿದ್ದದ್ದು ಅರ್ಧ ಗಂಟೆಯಲ್ಲಿ ಮೇಲ್ವಿಚಾರಕನ ಕಿವಿಯಲ್ಲಿರುತ್ತದೆ.

ವಿಷಯ ಇಷ್ಟು. ಬಂದರಿನಲ್ಲಿ ಹೊಸ ನಿಯಮ ಬಂದಿದೆ. ನಲವತ್ತೈದು ದಾಟಿದ ಕ್ರೇನ್ ಆಪರೇಟರುಗಳೆಲ್ಲ ಹೃದಯದ ಸ್ಟ್ರೆಸ್ ಟೆಸ್ಟ್ ಮಾಡಿಸಿಕೊಳ್ಳಬೇಕಂತೆ. ಮೈಗೆ ವೈರುಗಳನ್ನು ಅಂಟಿಸಿ, ಓಡುವ ಪಟ್ಟಿಯ ಮೇಲೆ ನಡೆಸುತ್ತಾರೆ. ಮೂರು ಮೂರು ನಿಮಿಷಕ್ಕೆ ವೇಗವನ್ನೂ ಏರನ್ನೂ ಹೆಚ್ಚಿಸುತ್ತಾ, ಎದೆ ಹೇಗೆ ಬಡಿದುಕೊಳ್ಳುತ್ತದೆ ಎಂದು ಕಾಗದದ ಮೇಲೆ ಗೆರೆ ತೆಗೆಯುತ್ತಾರೆ. ಒಂಬತ್ತು ನಿಮಿಷ ಮುಗಿಸದವರು ಕ್ಯಾಬಿನ್ ಬಿಟ್ಟು ಕೆಳಗಿಳಿಯಬೇಕು.

ನನ್ನ ಎದೆಗೆ ಏನೂ ಆಗಿಲ್ಲ, ಆಗಿರುವುದು ಬಲಮಂಡಿಗೆ. ಎರಡು ವರ್ಷದಿಂದ ಕ್ರೇನಿನ ನೂರ ಹದಿನೆಂಟು ಮೆಟ್ಟಿಲನ್ನು ಕೈಬಲದಿಂದಲೇ ಹತ್ತುತ್ತಿದ್ದೇನೆ. ಇದು ನಿನ್ನ ಭಾವನಿಗೂ ಗೊತ್ತಿಲ್ಲ. ಆ ಪಟ್ಟಿಯ ಮೇಲೆ ನಿಂತರೆ ಎರಡನೇ ನಿಮಿಷಕ್ಕೆ ನನ್ನ ಬಣ್ಣ ಬಯಲಾಗುತ್ತದೆ. ಕಂಪನಿಯವರಿಗೂ ಬೇಕಾಗಿರುವುದು ಅದೇ. ಹಡಗು ನಿಲ್ಲುವ ಧಕ್ಕೆಯ ಕೊನೆಯಲ್ಲಿ ಹೊಸ ಕೋಣೆ ಕಟ್ಟುತ್ತಿದ್ದಾರೆ. ಅಲ್ಲಿ ಒಬ್ಬನೇ ಪರದೆ ನೋಡಿಕೊಂಡು ನಾಲ್ಕು ಕ್ರೇನ್ ನಡೆಸುತ್ತಾನಂತೆ. ಉಳಿದ ಮೂವರು ಎಲ್ಲಿಗೆ ಹೋಗಬೇಕು ಎಂದು ಯಾರೂ ಹೇಳುವುದಿಲ್ಲ. ಹೃದಯದ ಮೇಲೆ ಇವರಿಗೆ ಇದ್ದಕ್ಕಿದ್ದ ಹಾಗೆ ಇಷ್ಟು ಪ್ರೀತಿ ಯಾಕೆ ಬಂತು, ನೀನೇ ಹೇಳು.

ಅದೃಷ್ಟಕ್ಕೆ ಪರೀಕ್ಷೆಯ ಲ್ಯಾಬು ನಿನ್ನ ಊರಿನಲ್ಲೇ ಇದೆ. ನನ್ನ ಗುರುತಿನ ಚೀಟಿಯನ್ನು ಇದರೊಳಗೆ ಇಟ್ಟಿದ್ದೇನೆ. ಫೋಟೋ ಹನ್ನೊಂದು ವರ್ಷ ಹಳೆಯದು, ಈಗ ನೋಡಿದರೆ ನಿನ್ನದೇ ಮುಖ ಅನ್ನಿಸುತ್ತದೆ. ಎಡಗೆನ್ನೆಯ ಮಚ್ಚೆಯೊಂದೇ ವ್ಯತ್ಯಾಸ. ಕಣ್ಣಿಗೆ ತೀಡುವ ಪೆನ್ಸಿಲಿನಿಂದ ಇಟ್ಟುಕೊಂಡು ಹೋಗು. ಹನ್ನೊಂದನೇ ತಾರೀಕು ಬೆಳಿಗ್ಗೆ ಒಂಬತ್ತಕ್ಕೆ. ದಿನವೆಲ್ಲ ಹೆಗಲಿಗೆ ಚೀಲ ಹಾಕಿಕೊಂಡು ಮನೆ ಮನೆಗೆ ಟಪಾಲು ಹಂಚುವ ನಿನಗೆ ಒಂಬತ್ತು ನಿಮಿಷದ ನಡಿಗೆ ನೀರು ಕುಡಿದಷ್ಟು ಸುಲಭ.

ತಪ್ಪು ಎಂದು ನನಗೂ ಗೊತ್ತು. ಆದರೆ ಇಪ್ಪತ್ತಾರು ವರ್ಷದಿಂದ ಆ ಗಾಜಿನ ಪೆಟ್ಟಿಗೆಯಲ್ಲಿ ಕೂತಿದ್ದೇನೆ. ಕೆಳಗೆ ಬಂದು ಏನು ಮಾಡಬೇಕೆಂದು ನನಗೆ ಗೊತ್ತಿಲ್ಲ. ಅಲ್ಲಿ ನಿನ್ನ ಹಳೆಯ ತಮಾಷೆಗಳನ್ನು ಮಾಡಬೇಡ.

ಅಕ್ಕ


ಫೆಬ್ರವರಿ 13

ಅಕ್ಕಾ,

ಇಲ್ಲಿ ನಾನು ಕ್ಷೇಮ. ನಿನ್ನ ಕೆಲಸ ಮುಗಿಯಿತು. ಪಟ್ಟಿಯ ಮೇಲೆ ಒಂಬತ್ತು ನಿಮಿಷವೂ ನಡೆದೆ. ಕೊನೆಗೆ ಸುಸ್ತಾದದ್ದು ಯಂತ್ರಕ್ಕೆ, ನನಗಲ್ಲ.

ಚೀಟಿ ನೋಡಿದ ಹುಡುಗಿ ನನ್ನ ಮುಖವನ್ನು ನೋಡಲೇ ಇಲ್ಲ. ಎದೆಗೆ ಹತ್ತು ಬಿಲ್ಲೆ ಅಂಟಿಸಿ ವೈರು ಸಿಕ್ಕಿಸಿದಳು. ರಿಪೇರಿಗೆ ಬಿಚ್ಚಿಟ್ಟ ರೇಡಿಯೋದಂತೆ ಇದ್ದೆ. ಮಚ್ಚೆ ಮಾತ್ರ ಬೆವರಿಗೆ ಸ್ವಲ್ಪ ಇಳಿದು ದವಡೆಯ ಹತ್ತಿರ ಬಂದಿತ್ತು. ಮುಖ ಒರೆಸಿಕೊಳ್ಳುವ ನೆಪದಲ್ಲಿ ಅದನ್ನು ಪೂರ್ತಿ ಅಳಿಸಿಬಿಟ್ಟೆ. ಹೊರಗೆ ಬರುವಾಗ ನಿನಗೆ ಮಚ್ಚೆ ಇರಲಿಲ್ಲ, ಕ್ಷಮಿಸು.

ಒಂದು ಫಾರಂ ತುಂಬಿಸಿದರು. ತಂದೆತಾಯಿಗೆ ಹೃದಯದ ಕಾಯಿಲೆ ಇತ್ತೇ ಎಂದು ಕೇಳಿದ್ದರು. ಅಮ್ಮ ಯಾವ ನೋವೂ ಇಲ್ಲದೆ ಒಂದೇ ಗಳಿಗೆಯಲ್ಲಿ ಹೋದಳು ಎಂದು ನೀನು ಯಾವಾಗಲೂ ಹೇಳುತ್ತೀಯಲ್ಲ, ಅದಕ್ಕೆ ಇಲ್ಲ ಎಂದು ಬರೆಸಿದೆ.

ಬೇರೆ ವಿಶೇಷವಿಲ್ಲ. ಗುಡ್ಡದ ಮೆಟ್ಟಿಲ ಬೀದಿಯ ಟಪಾಲನ್ನು ಜೊತೆಯವಳಿಗೆ ಬಿಟ್ಟುಕೊಟ್ಟು ಸಂತೆಕಟ್ಟೆಯ ಬೀದಿಗಳನ್ನು ತೆಗೆದುಕೊಂಡಿದ್ದೇನೆ. ಹದಿನಾಲ್ಕು ವರ್ಷ ಅದೇ ಮೆಟ್ಟಿಲು, ಅದೇ ನಾಯಿಗಳು. ಬೇಜಾರಾಗಿತ್ತು. ಎಡಗಡೆಯ ಒಂದು ದವಡೆಹಲ್ಲು ಕಾಟ ಕೊಡುತ್ತಿದೆ, ಬರುವ ವಾರ ಕೀಳಿಸುತ್ತೇನೆ. ಅಷ್ಟೇ.

ಬುಗುರಿ


ಫೆಬ್ರವರಿ 27

ಬುಗುರಿ,

ನನ್ನನ್ನು ಕ್ಯಾಬಿನ್ನಿನಿಂದ ಇಳಿಸಿದರು. ಸೋಮವಾರ ಬೆಳಿಗ್ಗೆ ಏಣಿಗೆ ಕೈ ಹಾಕಿದ್ದೆ, ಮೇಲ್ವಿಚಾರಕ ಬಂದು ಒಂದು ಸಾಲಿನ ಕಾಗದ ಕೊಟ್ಟ. "ಸ್ಟ್ರೆಸ್ ಟೆಸ್ಟ್ ಫಲಿತಾಂಶ ಅಸಹಜ. ಮುಂದಿನ ಸೂಚನೆಯವರೆಗೆ ಎತ್ತರದ ಕೆಲಸ ಕೂಡದು." ಇಷ್ಟೇ. ಏನು ಅಸಹಜ, ಎಷ್ಟು ಅಸಹಜ, ಯಾರು ಹೇಳಿದರು, ಒಂದೂ ಇಲ್ಲ. ಕೆಳಗೆ ಸಹಿ ಹಾಕಿದವರ ಹೆಸರು ಓದಲು ಆಗದ ಹಾಗೆ ಗೀಚಿದೆ. ಒಳ್ಳೆಯ ಕೆಲಸ ಮಾಡಿದವರು ಹಾಗೆ ಗೀಚುವುದಿಲ್ಲ.

ಹನ್ನೆರಡು ಜನ ಪರೀಕ್ಷೆಗೆ ಹೋಗಿದ್ದೆವು, ಐದು ಜನಕ್ಕೆ ಅಸಹಜ ಬಂದಿದೆ. ಐವರೂ ಹಳಬರು, ಐವರೂ ಆ ಪರದೆ ಕೋಣೆಯನ್ನು ವಿರೋಧಿಸಿ ಸಹಿ ಹಾಕಿದವರು. ಇದನ್ನು ಕಾಕತಾಳೀಯ ಎಂದು ನಂಬುವಷ್ಟು ದಡ್ಡಿ ನಾನಲ್ಲ.

ಈಗ ನನ್ನ ಪ್ರಶ್ನೆಗಳಿಗೆ ಸರಿಯಾಗಿ ಉತ್ತರ ಬರೆ. ಪರೀಕ್ಷೆಗೆ ಮುಂಚೆ ನಿನಗೆ ಕುಡಿಯಲು ಏನಾದರೂ ಕೊಟ್ಟರೇ? ಆ ಹುಡುಗಿ ಮಧ್ಯೆ ಹೊರಗೆ ಹೋಗಿ ಯಾರ ಜೊತೆಗಾದರೂ ಮಾತಾಡಿದಳೇ? ಮಚ್ಚೆ ಇಳಿದದ್ದನ್ನು ಯಾರಾದರೂ ಗಮನಿಸಿದರೇ? ಅದನ್ನು ನೋಡಿಯೇ ಹೀಗೆ ಮಾಡಿರಬಹುದು. ಮೋಸ ಎಂದು ಬಾಯಿಬಿಟ್ಟು ಹೇಳದೆ, ರೋಗದ ಹೆಸರಿನಲ್ಲಿ ಇಳಿಸಿದರೆ ನಾನೂ ಬಾಯಿ ಬಿಡುವಂತಿಲ್ಲವಲ್ಲ. ನಿನ್ನ ಎದೆ ಕುದುರೆಯದು ಎಂದು ನಮಗಿಬ್ಬರಿಗೂ ಗೊತ್ತು. ಹಾಗಾದರೆ ಈ ಕಾಗದ ಸುಳ್ಳು ಎನ್ನುವುದಕ್ಕೆ ನಾವಿಬ್ಬರೇ ಸಾಕ್ಷಿ, ಆದರೆ ಇಬ್ಬರೂ ಸಾಕ್ಷಿ ಹೇಳುವಂತಿಲ್ಲ. ಹೇಗೆ ಸಿಕ್ಕಿಹಾಕಿಸಿದ್ದಾರೆ ನೋಡು.

ಈ ಲಕೋಟೆ ನಿನ್ನ ಕೈಗೆ ಬರುವ ಮೊದಲು ಯಾರಾದರೂ ಬಿಚ್ಚಿದ್ದರೇ ಎಂದೂ ನೋಡು.

ಅಕ್ಕ


ಮಾರ್ಚ್ 3

ಅಕ್ಕಾ,

ಇಲ್ಲಿ ನಾನು ಕ್ಷೇಮ. ನಿನ್ನ ಲಕೋಟೆಯನ್ನು ಬೆಳಕಿಗೆ ಹಿಡಿದು ನೋಡಿದೆ. ಹಬೆಗೆ ಹಿಡಿದು ಬಿಚ್ಚಿದ್ದರೆ ಅಂಚು ಸುಕ್ಕುಗಟ್ಟುತ್ತದೆ, ಒಣಗಿದ ಮೇಲೂ ನೆಟ್ಟಗಾಗುವುದಿಲ್ಲ. ನಿನ್ನದು ನೆಟ್ಟಗೇ ಇದೆ. ನಮ್ಮ ಇಲಾಖೆಯ ಮೇಲೆ ಅನುಮಾನ ಬೇಡ.

ನೀನು ಹೇಳುವುದೇ ಸರಿ. ಇದು ಅವರದೇ ಕಿತಾಪತಿ. ಕುಡಿಯಲು ಏನೂ ಕೊಡಲಿಲ್ಲ, ಆದರೆ ಆ ಹುಡುಗಿಯ ಗಮನ ಕೆಲಸದ ಮೇಲೆ ಇರಲಿಲ್ಲ. ವೈರುಗಳನ್ನು ಎರಡು ಸಲ ತೆಗೆದು ಸಿಕ್ಕಿಸಿದಳು. ಒಂದು ಬಿಲ್ಲೆ ಅಂಟದೆ ಜೋತಾಡುತ್ತಿತ್ತು. ಅಂಥ ಪರೀಕ್ಷೆಯಲ್ಲಿ ಕಲ್ಲಿಗೂ ಹೃದ್ರೋಗ ಬರುತ್ತದೆ. ನೀನು ಬಿಡಬೇಡ. ಯಂತ್ರ ಕೆಟ್ಟಿದೆ ಎಂದು ಬರೆದುಕೊಡು. ಆದರೆ ಮತ್ತೊಮ್ಮೆ ಪರೀಕ್ಷೆ ಎಂದರೆ ಮಾತ್ರ ನನ್ನನ್ನು ಕರೆಯಬೇಡ, ರಜೆ ಸಿಗುವುದಿಲ್ಲ.

ಹಲ್ಲು ಕೀಳಿಸಿದೆ. ಆ ಪುಣ್ಯಾತ್ಮ ಯಾವುದನ್ನು ಕಿತ್ತನೋ, ನೋವು ಇದ್ದ ಹಾಗೇ ಇದೆ. ಕಿತ್ತ ಹಲ್ಲನ್ನು ಕೇಳಿ ಇಸಿದುಕೊಂಡು ಬಂದು ನೋಡಿದೆ, ಮುತ್ತಿನಂತಿದೆ, ಒಂದು ಚುಕ್ಕಿ ಹುಳುಕಿಲ್ಲ. ಕೂತಾಗ ಸುಮ್ಮನಿರುತ್ತದೆ, ಚೀಲ ಹೊತ್ತು ನಾಲ್ಕು ಹೆಜ್ಜೆ ಏರಿದರೆ ದವಡೆಯನ್ನು ಇಕ್ಕಳದಿಂದ ಹಿಡಿದ ಹಾಗೆ. ನಮ್ಮ ಮನೆಯವರು "ಬೇರೆ ಡಾಕ್ಟರಿಗೆ ತೋರ್ಸು" ಎಂದು ದಿನವೂ ಗೊಣಗುತ್ತಾರೆ. ಅಂಗಿಗೆ ಗುಂಡಿ ಹೊಲಿಯುವವರಿಗೆ ಹಲ್ಲಿನ ವಿಷಯ ಯಾಕೆ ಎಂದು ಬಾಯಿ ಮುಚ್ಚಿಸಿದ್ದೇನೆ.

ಬುಗುರಿ


ಮಾರ್ಚ್ 9

ಬುಗುರಿ,

ಕಚೇರಿಯ ಗುಮಾಸ್ತೆಯನ್ನು ಕಾಡಿಬೇಡಿ ರಿಪೋರ್ಟಿನ ಮೊದಲ ಹಾಳೆಯನ್ನು ನೋಡಿದೆ. ಒಂದೇ ಸಾಲು ನನಗೆ ಸಾಕಾಯಿತು. "ಪರೀಕ್ಷೆಯ ಅವಧಿ: ಆರು ನಿಮಿಷ ಹನ್ನೆರಡು ಸೆಕೆಂಡು. ರೋಗಿಯ ಕೋರಿಕೆಯ ಮೇರೆಗೆ ನಿಲ್ಲಿಸಲಾಗಿದೆ."

ರೋಗಿಯ ಕೋರಿಕೆ ಅಂದರೆ ನಿನ್ನ ಕೋರಿಕೆ. ಒಂಬತ್ತು ನಿಮಿಷವೂ ನಡೆದೆ ಎಂದು ನೀನು ನನಗೆ ಬರೆದಿದ್ದೆ. ಯಂತ್ರಕ್ಕೆ ಸುಸ್ತಾಯಿತು ಎಂದು ಹಾಸ್ಯ ಬೇರೆ ಮಾಡಿದ್ದೆ.

ನಾನು ಎರಡು ವಾರ ಕಂಪನಿಯವರನ್ನು, ಡಾಕ್ಟರನ್ನು, ಆ ಹುಡುಗಿಯನ್ನು, ಕೊನೆಗೆ ಗೇಟಿನ ಕಾವಲುಗಾರನನ್ನೂ ಅನುಮಾನಿಸಿದೆ. ನಿನ್ನನ್ನು ಅನುಮಾನಿಸಲಿಲ್ಲ. ಈಗ ಹಿಂದಿನದೆಲ್ಲ ನೆನಪಾಗುತ್ತಿದೆ. ಕ್ರೇನಿನ ತರಬೇತಿಗೆ ನಾವಿಬ್ಬರೂ ಒಟ್ಟಿಗೆ ಅರ್ಜಿ ಹಾಕಿದ್ದೆವು. ಅರ್ಧ ಏಣಿಯಿಂದ ನೀನು ಕೆಳಗಿಳಿದೆ, ನಾನು ಮೇಲೆ ಹೋದೆ. ಅವತ್ತು ನೀನು "ನೀನು ನನಗೋಸ್ಕರ ಕಾಯಲೂ ಇಲ್ಲ" ಎಂದಿದ್ದೆ. ಆ ಮಾತನ್ನು ನೀನು ಮರೆತಿದ್ದೀಯ ಎಂದುಕೊಂಡಿದ್ದೆ. ಮರೆತಿರಲಿಲ್ಲ ಅಲ್ಲವೇ? ಇಷ್ಟು ವರ್ಷ ಕಾದು ನನ್ನನ್ನೂ ಅರ್ಧ ಏಣಿಯಿಂದ ಇಳಿಸಿದೆಯಾ?

ಇಷ್ಟವಿಲ್ಲದಿದ್ದರೆ ಆಗುವುದಿಲ್ಲ ಎಂದು ಮೊದಲೇ ಹೇಳಬಹುದಿತ್ತು. ಒಪ್ಪಿಕೊಂಡು ಹೋಗಿ, ಮಧ್ಯದಲ್ಲಿ ಕೈಕೊಟ್ಟು, ಮುಗಿಸಿದೆ ಎಂದು ಸುಳ್ಳು ಬರೆಯುವಷ್ಟು ದೂರ ಹೋದೆಯಲ್ಲ. ನನ್ನನ್ನೀಗ ಹಗ್ಗದ ಉಗ್ರಾಣದಲ್ಲಿ ಕೂರಿಸಿದ್ದಾರೆ. ಇಲ್ಲಿಂದ ಸಮುದ್ರ ಕಾಣುವುದಿಲ್ಲ.

ಅಕ್ಕ


ಮಾರ್ಚ್ 24

ಅಕ್ಕ ಅವರಿಗೆ,

ನಿಮ್ಮ ಪತ್ರ ತಲುಪಿತು. ಆರನೇ ನಿಮಿಷದಲ್ಲಿ ನನ್ನ ಶೂಸಿನ ಲಾಡಿ ಬಿಚ್ಚಿಕೊಂಡಿತು. ಬಿದ್ದುಬಿಡುತ್ತೇನೆಂದು ನಿಲ್ಲಿಸಲು ಹೇಳಿದೆ. ನಿಮಗೆ ಬೇಸರವಾಗಬಾರದೆಂದು ಮುಗಿಸಿದೆ ಎಂದು ಬರೆದೆ. ಇದರಲ್ಲಿ ಸೇಡು ಗೀಡು ಏನೂ ಇಲ್ಲ. ನಂಬುವುದು ಬಿಡುವುದು ನಿಮಗೆ ಸೇರಿದ್ದು.

ನನಗೂ ಒಂದು ಪ್ರಶ್ನೆಯಿದೆ. ಇವರು ನಿಮಗೆ ಗುಟ್ಟಾಗಿ ಪತ್ರ ಬರೆದಿದ್ದಾರೆಯೇ? ಹೋದ ವಾರ ನಾನು ಟಪಾಲು ಹಂಚುವ ಬೀದಿಯಲ್ಲಿ ಎರಡು ಸಲ ಕಂಡರು. ಅಂಗಡಿ ಮುಚ್ಚಿ ಬಂದು ಎದುರುಗಡೆಯ ಕಂಬದ ಮರೆಯಲ್ಲಿ ನಿಂತಿದ್ದರು. ಕೇಳಿದರೆ "ದಾರ ತರೋಕೆ ಬಂದೆ" ಎಂದರು. ಆ ಬೀದಿಯಲ್ಲಿ ದಾರ ಮಾರುವುದಿಲ್ಲ. ನಾನು ಎಲ್ಲಿ ನಿಲ್ಲುತ್ತೇನೆ, ಎಷ್ಟು ಹೊತ್ತು ನಿಲ್ಲುತ್ತೇನೆ ಎಂದು ಯಾರಿಗೋ ವರದಿ ಹೋಗುತ್ತಿರಬೇಕು. ಅದು ನಿಮಗೇ ಎಂದು ನನ್ನ ಅನುಮಾನ.

ನಿಮ್ಮ ಗುರುತಿನ ಚೀಟಿ ಇದರೊಂದಿಗಿದೆ. ಇನ್ನು ಮುಂದೆ ನನ್ನ ಮುಖ ನಿಮಗೆ ಬೇಕಾಗುವುದಿಲ್ಲ.

ಇಂತು


ಏಪ್ರಿಲ್ 2

ಬುಗುರಿ,

ನಿನ್ನ 'ನೀವು' ನನಗೆ ಬೇಡ. ಬೈಯುವುದಿದ್ದರೆ ನೀನು ಎಂದೇ ಬೈ. ಮೊದಲು ಈ ಪತ್ರವನ್ನು ಕೂತುಕೊಂಡು ಪೂರ್ತಿ ಓದು. ಓದಿದ ಮೇಲೆ ಚೀಲ ಹೊರಬೇಡ.

ನಿನ್ನ ದರ್ಜಿ ನನಗೆ ಒಂದಕ್ಷರ ಬರೆದಿಲ್ಲ. ಬರೆದಿದ್ದರೆ ನಾನು ಇಷ್ಟು ದಿನ ಮೂರ್ಖಳಾಗಿ ಇರುತ್ತಿರಲಿಲ್ಲ.

ನಿನ್ನೆ ಕಂಪನಿಯ ಡಾಕ್ಟರ ಕೋಣೆಗೆ ಜಗಳಕ್ಕೆಂದೇ ಹೋದೆ. ಯಂತ್ರ ಕೆಟ್ಟಿದೆ, ವೈರು ಸರಿಯಿಲ್ಲ, ಹುಡುಗಿಗೆ ಕೆಲಸ ಬರುವುದಿಲ್ಲ ಎಂದು ನೀನು ಬರೆದದ್ದನ್ನೆಲ್ಲ ಬಾಯಿಪಾಠ ಮಾಡಿಕೊಂಡಿದ್ದೆ. ಆತ ರಿಪೋರ್ಟನ್ನು ನೋಡುವ ಮೊದಲು ನನ್ನ ಕಾಲನ್ನು ನೋಡಿದ.

"ಕುಂಟ್ತಾ ಇದೀರಲ್ಲ."

"ಹೋದ ವಾರ ಜಾರಿಬಿದ್ದೆ."

ಮಂಡಿ ಮುಟ್ಟಿ ನೋಡಿ, "ಇದು ಹೋದ ವಾರದ್ದಲ್ಲ, ಹಳೇದು" ಎಂದ. ಆಮೇಲೆ ಪೂರ್ತಿ ರಿಪೋರ್ಟನ್ನು ಮೇಜಿನ ಮೇಲೆ ಹರಡಿದ. ಆತನೂ ನನ್ನನ್ನು ಅನುಮಾನಿಸುತ್ತಿದ್ದಾನೆ ಎಂದು ನನಗೆ ಆಗಲೇ ಗೊತ್ತಾಯಿತು. ಆದರೂ ಬಿಡಲಿಲ್ಲ, ಒಂದೊಂದು ಸಾಲನ್ನೂ ಬಿಡಿಸಿ ಹೇಳಿ ಎಂದು ಕೂತೆ. ಎಲ್ಲಾದರೂ ಒಂದು ಕಡೆ ಸುಳ್ಳು ಸಿಕ್ಕೇ ಸಿಗುತ್ತದೆ ಎಂದು ನಂಬಿದ್ದೆ.

ಆತ ಪೆನ್ಸಿಲ್ ಹಿಡಿದು ಗೆರೆ ತೋರಿಸಿದ. "ನೋಡಿ, ಒಂದೊಂದು ಬಡಿತಕ್ಕೂ ಗೆರೆ ಚೂಪಾಗಿ ಮೇಲೇಳುತ್ತೆ, ಕೆಳಗಿಳಿಯುತ್ತೆ. ಇಳಿದಮೇಲೆ ಮತ್ತೆ ಮಟ್ಟಕ್ಕೆ ಬರ್ಬೇಕು. ಇಲ್ಲಿ ಬಂದಿಲ್ಲ, ಕಾಗದದ ಎರಡು ಚಿಕ್ಕ ಚೌಕದಷ್ಟು ಕೆಳಗೇ ಉಳಿದಿದೆ. ಕೆಲಸ ಜಾಸ್ತಿ ಆದಾಗ ಹೃದಯದ ಯಾವುದೋ ಭಾಗಕ್ಕೆ ರಕ್ತ ಸಾಲ್ತಿಲ್ಲ ಅಂತ ಇದರ ಸೂಚನೆ."

"ವೈರು ಸರಿಯಾಗಿ ಸಿಕ್ಸಿಲ್ಲ ಅಂದ್ರೆ?"

"ನಡೆಯೋಕೆ ಮುಂಚಿನ ಗೆರೆ ನೋಡಿ, ನೆಟ್ಟಗಿದೆ. ವೈರು ತಪ್ಪಾಗಿದ್ರೆ ಆಗಲೇ ಗೊತ್ತಾಗ್ತಿತ್ತು."

"ಒಟ್ಟಿನಲ್ಲಿ ಇದು ಸುಳ್ಳಾಗೋದೇ ಇಲ್ಲ ಅಂತೀರಾ?"

"ಹಾಗನ್ನಲ್ಲ. ಆಗುತ್ತೆ, ಅದೂ ಹೆಂಗಸರಲ್ಲಿ ಎಷ್ಟೋ ಸಲ ಆಗುತ್ತೆ. ಗೆರೆ ಇಳಿದಿರುತ್ತೆ, ಮುಂದಿನ ಪರೀಕ್ಷೇಲಿ ರಕ್ತನಾಳ ಎಲ್ಲ ಚೆನ್ನಾಗೇ ಇರುತ್ತೆ. ಅಸಹಜ ಅಂದ ತಕ್ಷಣ ಕಾಯಿಲೆ ಅಂತ ಅಲ್ಲ, ಇಷ್ಟಕ್ಕೆ ಬಿಡಬೇಡಿ, ಮುಂದೆ ನೋಡಿ ಅಂತ ಅರ್ಥ."

ನಾನು ಕುರ್ಚಿಯಿಂದ ಏಳಲು ಹೊರಟೆ. ನನಗೆ ಬೇಕಾಗಿದ್ದ ಮಾತು ಸಿಕ್ಕಿತ್ತು. ಆತ ಕೂರಿ ಎಂದು ಕೈ ಮಾಡಿದ.

"ಬರೀ ಗೆರೆ ಆಗಿದ್ರೆ ನಾನೂ ಇಷ್ಟು ಯೋಚನೆ ಮಾಡ್ತಿರಲಿಲ್ಲ. ಆರೇ ನಿಮಿಷಕ್ಕೆ ನಿಂತಿದೆ. ನಡೀತಾ ನಡೀತಾ ಬಿಪಿ ಏರ್ಬೇಕು, ಇಲ್ಲಿ ಇಳಿದಿದೆ. ನಿಲ್ಲಿಸಿ ಮಲಗಿಸಿದ ಮೇಲೂ ಏಳು ನಿಮಿಷ ಗೆರೆ ಮೇಲೆ ಬಂದಿಲ್ಲ. ಇವೆಲ್ಲ ಒಟ್ಟಿಗೆ ಬಂದಿವೆ, ಅದು ನನಗೆ ಇಷ್ಟವಾಗ್ತಿಲ್ಲ. ಜೊತೆಗೆ ಇದು." ಕೊನೆಯ ಸಾಲಿನ ಕೆಳಗೆ ಪೆನ್ಸಿಲ್ ಎಳೆದ. "ಈ ದವಡೆ ನೋವು ಈಗಲೂ ಬರುತ್ತಾ?"

"ನನಗೆ ದವಡೆ ನೋವಿಲ್ಲ" ಎಂದೆ.

"ಇಲ್ಲಿ ಬರೆಸಿದೀರಲ್ಲ. ಎಡದವಡೆಯಲ್ಲಿ ಹಿಡಿದಂತೆ ನೋವು, ನಿಂತ ಮೇಲೆ ಕಡಿಮೆ."

ಬುಗುರಿ, ಆ ಸಾಲನ್ನು ನಾನೇ ಇನ್ನೊಮ್ಮೆ ಓದಿದೆ. ನಿನ್ನ ಪತ್ರ ನೆನಪಾಯಿತು. ಮುತ್ತಿನಂಥ ಹಲ್ಲು ನೆನಪಾಯಿತು. ಮೆಟ್ಟಿಲ ಬೀದಿಯನ್ನು ನೀನು ಯಾಕೆ ಬಿಟ್ಟುಕೊಟ್ಟೆ ಎಂದು ಆಗ ಗೊತ್ತಾಯಿತು. ಎರಡು ತಿಂಗಳಿನಿಂದ ಇದನ್ನೆಲ್ಲ ನೀನೇ ನನಗೆ ಬರೆದು ಕಳಿಸಿದ್ದೆ, ನಾನು ನನ್ನ ಕ್ಯಾಬಿನ್ನಿನ ಚಿಂತೆಯಲ್ಲಿ ಓದಿದೆ.

"ಎಲ್ಲ ಸಲ ಎದೇಲೇ ನೋವು ಬರ್ಬೇಕು ಅಂತಿಲ್ಲ" ಎಂದು ಆತ ಹೇಳುತ್ತಿದ್ದ. "ದವಡೆ, ಬೆನ್ನು, ತೋಳು. ಹೆಂಗಸರಂತೂ ಹಲ್ಲು ಅಂದ್ಕೊಂಡೇ ಎಷ್ಟೋ ದಿನ ಕಳೀತಾರೆ."

ಈಗ ನಾನು ಇಪ್ಪತ್ತನಾಲ್ಕು ವರ್ಷದಿಂದ ನಿನಗೆ ಹೇಳದೆ ಇಟ್ಟುಕೊಂಡದ್ದನ್ನು ಹೇಳುತ್ತೇನೆ. ಅಮ್ಮ ನೋವಿಲ್ಲದೆ ಹೋಗಲಿಲ್ಲ. ಮೂರು ವಾರದಿಂದ ದವಡೆ ನೋವು ಎನ್ನುತ್ತಿದ್ದಳು. ಮೆಟ್ಟಿಲ ತಿರುವಿನಲ್ಲಿ ಕೂತು, ಗಲ್ಲಕ್ಕೆ ಬಟ್ಟೆ ಕಟ್ಟಿಕೊಂಡು ಸುಧಾರಿಸಿಕೊಳ್ಳುತ್ತಿದ್ದಳು. ಹಲ್ಲುನೋವಿಗೆ ಇಷ್ಟೊಂದು ನಾಟಕವೇ ಎಂದು ನಾನು ರೇಗಿದ್ದೆ. ಲವಂಗದ ಎಣ್ಣೆ ಹಚ್ಚಿ ಕೆಲಸಕ್ಕೆ ಹೋದೆ. ಬರುವಷ್ಟರಲ್ಲಿ ಅದೇ ತಿರುವಿನಲ್ಲಿ ಗೋಡೆಗೆ ಒರಗಿ ಹೋಗಿಬಿಟ್ಟಿದ್ದಳು, ಬಟ್ಟೆ ಹಾಗೇ ಕಟ್ಟಿತ್ತು. ಒಂದೇ ಗಳಿಗೆಯಲ್ಲಿ ಹೋದಳು ಎಂದು ನಾನು ಎಲ್ಲರಿಗೂ ಹೇಳಿದೆ, ನಿನಗೂ ಹೇಳಿದೆ. ಆ ಸುಳ್ಳನ್ನೇ ನೀನು ಲ್ಯಾಬಿನ ಫಾರಮ್ಮಿನಲ್ಲಿ ಬರೆಸಿದೆ.

ಡಾಕ್ಟರಿಗೆ ಎಲ್ಲ ಹೇಳಿಬಿಟ್ಟೆ. ಆತ ಪೆನ್ಸಿಲ್ ಕೆಳಗಿಟ್ಟು, "ಇದನ್ನ ನಾನು ಮೇಲಕ್ಕೆ ಬರೀಲೇಬೇಕು, ಗೊತ್ತಲ್ಲ" ಎಂದ. ಬರೆಯಿರಿ ಎಂದೆ. ಆಮೇಲೆ ರಿಪೋರ್ಟಿನ ಮೇಲಿದ್ದ ನನ್ನ ಹೆಸರನ್ನೂ ವಯಸ್ಸನ್ನೂ ಹೊಡೆದುಹಾಕಿ, ನಿನ್ನದನ್ನು ಬರೆದು ಸಹಿ ಹಾಕಿದ. ನಿಮ್ಮ ಊರಿನ ಆಸ್ಪತ್ರೆಗೆ ಒಂದು ಪತ್ರವನ್ನೂ ಕೊಟ್ಟಿದ್ದಾನೆ. ಎರಡೂ ಇದರೊಳಗಿವೆ. ಈ ಕಾಗದ ನಿನ್ನದು. ತೆಗೆದುಕೊಂಡು ಇವತ್ತೇ ಹೋಗು. ಸುಳ್ಳೇ ಆಗಿರಬಹುದು ಎಂದು ಆತನೇ ಹೇಳಿದ್ದಾನೆ. ಹಾಗಾದರೆ ಬಂದು ನನ್ನನ್ನು ಇನ್ನೊಂದಿಷ್ಟು ಬೈ. ಆದರೆ ಹೋಗು.

ಅಕ್ಕ


ಏಪ್ರಿಲ್ 9

ಬುಗುರಿ,

ಇಲ್ಲಿಂದ ಹಾಕಿದ ಪತ್ರ ನಿನಗೆ ಮೂರನೇ ದಿನ ಸಿಗುತ್ತದೆ. ನಿನ್ನ ಉತ್ತರವೂ ಅಷ್ಟೇ ದಿನದಲ್ಲಿ ಬರುತ್ತದೆ. ನಿನ್ನೆಗೆ ಬರಬೇಕಿತ್ತು.

ಇವತ್ತು ಕಾವಲುಗಾರನ ಮೇಜಿನ ಮೇಲಿನ ಫೋನಿನಿಂದಲೇ ನಿನ್ನ ಕಚೇರಿಗೆ ಮಾಡಿದೆ. ಅವನು ಕಿವಿಗೊಟ್ಟು ಕೇಳುತ್ತಿದ್ದ, ಕೇಳಲಿ. ನೀನು ರಜೆಯಲ್ಲಿದ್ದೀಯಂತೆ. ಯಾಕೆ ಎಂದರೆ ಗೊತ್ತಿಲ್ಲ ಎಂದರು. ಇಷ್ಟು ವರ್ಷದಲ್ಲಿ ಜ್ವರ ಬಂದರೂ ರಜೆ ಹಾಕದವಳು ನೀನು. ಅವರು ಏನನ್ನೋ ಮುಚ್ಚಿಡುತ್ತಿದ್ದಾರೆ ಎಂದು ನನಗನ್ನಿಸಿತು. ಅನ್ನಿಸುವುದೇ ನನ್ನ ಚಾಳಿ, ಆದರೆ ಇವತ್ತು ಅದು ತಪ್ಪಾಗಿರಲಿ.

ನನ್ನ ಶಿಕ್ಷೆ ತೀರ್ಮಾನವಾಯಿತು. ಕೆಲಸದಿಂದ ತೆಗೆಯಲಿಲ್ಲ, ಉಗ್ರಾಣದಲ್ಲೇ ಖಾಯಂ. ಆ ಪರದೆ ಕೋಣೆ ಶುರುವಾಗಿದೆ, ಅದರಲ್ಲಿ ಮಾತ್ರ ನನ್ನ ಅನುಮಾನ ನಿಜವಾಯಿತು. ಉಳಿದ ನಾಲ್ವರ ಫಲಿತಾಂಶದ ವಿಷಯ ನನಗೆ ಇನ್ನೂ ಗೊತ್ತಿಲ್ಲ. ಈಗ ನನಗೆ ಯಾವುದೂ ಬೇಡ. ಒಂದು ಸಾಲು ಬರೆ. ಬರೆಯಲು ಆಗದಿದ್ದರೆ ದರ್ಜಿಯ ಕೈಲಿ ಬರೆಸು.

ಅಕ್ಕ


ಏಪ್ರಿಲ್ 15

ಅಕ್ಕಾ,

ನಿನ್ನ ಪತ್ರ ಏಪ್ರಿಲ್ ಐದಕ್ಕೇ ಬಂದಿತ್ತು. ಬೆಳಿಗ್ಗೆ ಟಪಾಲು ವಿಂಗಡಿಸುವಾಗ ನನ್ನ ಕೈಗೇ ಸಿಕ್ಕಿತು. ಲಕೋಟೆ ದಪ್ಪವಾಗಿತ್ತು. ಒಳಗೆ ಏನಿದೆ ಎಂದು ನನಗೆ ಗೊತ್ತಿತ್ತು, ಅದಕ್ಕೇ ಬಿಚ್ಚಲಿಲ್ಲ. ಎರಡು ದಿನ ಚೀಲದ ಅಡಿಯಲ್ಲಿ ಇಟ್ಟುಕೊಂಡು ಊರೆಲ್ಲ ತಿರುಗಿದೆ. ಕೈಗೆ ಬಂದ ಪತ್ರವನ್ನು ತಲುಪಿಸದೆ ಇಟ್ಟುಕೊಂಡದ್ದು ನನ್ನ ಕೆಲಸದಲ್ಲಿ ಅದೊಂದೇ ಸಲ.

ಮೂರನೇ ದಿನ ಸಂತೆಕಟ್ಟೆಯ ಸಣ್ಣ ಏರಿನಲ್ಲಿ ದವಡೆ ಹಿಡಿದುಕೊಂಡಿತು, ಬಿಡಲೇ ಇಲ್ಲ. ಒಂದು ಅಂಗಡಿಯ ಜಗಲಿಯಲ್ಲಿ ಕೂತೆ. ಕಂಬದ ಮರೆಯಿಂದ ಇವರು ಬಂದರು. ಅವರು ಯಾರಿಗೂ ವರದಿ ಮಾಡುತ್ತಿರಲಿಲ್ಲ ಅಕ್ಕಾ, ನಾನು ಬಿದ್ದರೆ ಹಿಡಿಯಲು ದಿನವೂ ಹಿಂದೆ ಬರುತ್ತಿದ್ದರು. "ಎರಡು ದಿನದಿಂದ ಮುಟ್ಟಿ ಮುಟ್ಟಿ ನೋಡ್ತಿದೀಯಲ್ಲ, ಆ ಲಕೋಟೆ ಕೊಡು, ನಾನೇ ಓದ್ತೀನಿ" ಎಂದು ಇಸಿದುಕೊಂಡು, ಅಲ್ಲೇ ಜಗಲಿಯಲ್ಲಿ ಕೂತು ಓದಿದರು. ಚೀಲವನ್ನು ಜೊತೆಯವಳಿಗೆ ಕಳಿಸಿ, ನನ್ನನ್ನು ಆಸ್ಪತ್ರೆಗೆ ಕರೆದುಕೊಂಡು ಹೋದರು.

ರಿಪೋರ್ಟು ನಿಜವಾಗಿತ್ತು. ಆಂಜಿಯೋಗ್ರಾಂ ಮಾಡಿದರು, ಕೈಯ ಮಣಿಕಟ್ಟಿನಿಂದ ಸಣ್ಣ ನಳಿಗೆ ಹಾಕಿ ನೋಡುತ್ತಾರೆ. ಮುಖ್ಯ ರಕ್ತನಾಳವೊಂದು ನೂರಕ್ಕೆ ತೊಂಬತ್ತು ಭಾಗ ಮುಚ್ಚಿಕೊಂಡಿತ್ತಂತೆ. ಆಗಲೇ ನಾಳವನ್ನು ತೆರೆದಿಡುವ ಸ್ಟೆಂಟ್ ಇಟ್ಟರು. "ಇನ್ನೂ ಸ್ವಲ್ಪ ದಿನ ಹಲ್ಲು ಅಂದ್ಕೊಂಡಿದ್ರೆ ಕಷ್ಟ ಇತ್ತು" ಎಂದರು ಇಲ್ಲಿನ ಡಾಕ್ಟರು. ಹಾಗಾದರೆ ನನ್ನ ಮುತ್ತಿನಂಥ ಹಲ್ಲನ್ನು ವಾಪಸ್ ಇಟ್ಟುಕೊಡಿ ಎಂದೆ. ನಕ್ಕರು. ನಾನೂ ನಕ್ಕೆ, ಆಮೇಲೆ ಗೋಡೆಯ ಕಡೆ ತಿರುಗಿ ಅತ್ತೆ.

ಅಮ್ಮನ ವಿಷಯ ಬರೆದಿದ್ದೀಯ. ನೀನು ಮುಚ್ಚಿಟ್ಟದ್ದು ನನಗೆ ಮೊದಲೇ ಗೊತ್ತಿತ್ತು.

ನಾನು ಟಪಾಲು ತರಬೇತಿಯ ಹಾಸ್ಟೆಲಿನಲ್ಲಿದ್ದಾಗ ಅಮ್ಮ ನನಗೊಂದು ಕಾರ್ಡು ಬರೆದಿದ್ದಳು. "ಇಲ್ಲಿ ನಾನು ಕ್ಷೇಮ. ಮೆಟ್ಟಿಲು ಹತ್ತುವಾಗ ದವಡೆ ಹಿಡಿದುಕೊಳ್ಳುತ್ತದೆ, ಹಲ್ಲಿರಬೇಕು. ಅಕ್ಕ ರೇಗುತ್ತಾಳೆ. ಏನು ಮಾಡಲಿ?" ನನಗೆ ಪರೀಕ್ಷೆಯ ಗಡಿಬಿಡಿ. ಎರಡು ಸಾಲು ಗೀಚಿ ಹಾಕಿದೆ. "ಹಲ್ಲು ಕೀಳಿಸಿಕೋ, ಎಲ್ಲ ಸರಿಹೋಗುತ್ತದೆ." ಸುದ್ದಿ ತಿಳಿದು ನಾನು ಮನೆಗೆ ಬಂದೆನಲ್ಲ, ಅದರ ಮರುದಿನ ಟಪಾಲಿನವನು ಬಂದ. ನೀನು ಒಳಗಿದ್ದೆ. ಬಾಗಿಲಲ್ಲಿ, ಅಮ್ಮನಿಗೆ ತಲುಪದೇ ಹೋದ ನನ್ನ ಕಾರ್ಡನ್ನು ಇಸಿದುಕೊಂಡವಳು ನಾನೇ. ಅದನ್ನು ಇದುವರೆಗೆ ಯಾರಿಗೂ ತೋರಿಸಿಲ್ಲ. ನೋವಿಲ್ಲದೆ ಹೋದಳು ಎಂದು ನೀನು ಹೇಳುವಾಗಲೆಲ್ಲ ನಾನು ಹೂಂ ಎನ್ನುತ್ತಿದ್ದೆ. ನಿನ್ನ ಸುಳ್ಳು ನನಗೂ ಬೇಕಾಗಿತ್ತು.

ಆ ಪಟ್ಟಿಯ ಮೇಲೆ ಆರನೇ ನಿಮಿಷಕ್ಕೆ ದವಡೆ ಹಿಡಿದಾಗ ಅಮ್ಮನ ಕಾರ್ಡು ಕಣ್ಣಿಗೆ ಬಂತು. ನಿಲ್ಲಿಸಿ ಎಂದೆ. ಲಾಡಿ ಬಿಚ್ಚಿರಲಿಲ್ಲ. ಅದು ಹಲ್ಲಲ್ಲ ಎಂದು ನನಗೆ ಅಲ್ಲೇ ಗೊತ್ತಾಗಿತ್ತು. ಆದರೂ ಹೋಗಿ ಹಲ್ಲು ಕೀಳಿಸಿದೆ. ಕೀಳಿಸಿದರೆ ಸರಿಹೋಗುತ್ತದೆ ಎಂದು ಅಮ್ಮನಿಗೆ ಬರೆದವಳು ನಾನಲ್ಲವೇ? ಅದು ಒಂದು ಸಲವಾದರೂ ನಿಜವಾಗಲಿ ಎಂದು ಆಸೆಪಟ್ಟೆ.

ನೀನು ಅವತ್ತು ಅರ್ಧ ಏಣಿಯಲ್ಲಿ ನನಗೋಸ್ಕರ ಕಾಯಲಿಲ್ಲ, ನಿಜ. ಅದನ್ನು ನಾನು ಮರೆತಿರಲಿಲ್ಲ, ಅದೂ ನಿಜ. ಈಗ ನೀನಾಗಿಯೇ ಕೆಳಗಿಳಿದು ಬಂದಿದ್ದೀಯ. ಲೆಕ್ಕ ಸರಿಹೋಯಿತು ಎನ್ನಲಾರೆ, ಆ ಕ್ಯಾಬಿನ್ ನಿನಗೆ ಏನಾಗಿತ್ತೆಂದು ನನಗೆ ಗೊತ್ತು. ಮೇ ತಿಂಗಳಲ್ಲಿ ಬಾ. ಮಂಡಿಯನ್ನು ಇಲ್ಲಿ ತೋರಿಸೋಣ, ಈ ಸಲ ನಿನ್ನ ಮಂಡಿಯನ್ನು ನೀನೇ ತರಬೇಕು.

ಇಲ್ಲಿ ನಾನು ಕ್ಷೇಮ. ನೀನು ನಂಬುವುದಿಲ್ಲ ಎಂದು ಗೊತ್ತು, ಅದಕ್ಕೆ ನಿನ್ನೆಯ ರಿಪೋರ್ಟಿನ ನಕಲನ್ನು ಜೊತೆಗೆ ಇಟ್ಟಿದ್ದೇನೆ. ಮೇಲಿನ ಹೆಸರನ್ನು ಸರಿಯಾಗಿ ನೋಡಿಕೋ, ನನ್ನದೇ ಇದೆ.

ಬುಗುರಿ